ಹುಣಸೆ ಮರದ ಕೆಳಗಿನ ಸೂರ್ಯರು

ಕಳೆದ ತಿಂಗಳು ನಮ್ಮ ಕನ್ನಡ ಮಾಸ್ತರರು ತೀರಿಕೊಂಡರು. ವಿಜ್ಞಾನದ ಮಾಸ್ತರರು ಹೋಗಿ ಆಗಲೇ ಕೆಲವು ವರ್ಷಗಳಾಗಿವೆ. ಸಾಲಿಯ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಈಗಿನ ಮುಖ್ಯಗುರುಗಳು ಫೋನ್ ಮಾಡಿದಾಗ ನಾನು ಬೇರೆ ಯೋಚನೆ ಮಾಡಲಿಲ್ಲ. ಇವರಿಬ್ಬರ ಬಗ್ಗೆ ಬರೆಯುತ್ತೇನೆ ಅಂದೆ.

ನಾನು ಈ ಸಾಲಿಯಿಂದ 1981ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಹೊರಗೆ ಬಂದವನು. ಆಗ ಗದಗ ಇನ್ನೂ ಧಾರವಾಡ ಜಿಲ್ಲೆಯ ಒಂದು ತಾಲ್ಲೂಕು. ಪಠ್ಯಪುಸ್ತಕದಲ್ಲಿ ಏನೇನಿತ್ತು ಎಂದು ಕೇಳಿದರೆ ಈಗ ಹೇಳಲಾರೆ. ಇತಿಹಾಸದ ಇಸವಿಗಳು ಹೋದವು, ಬೀಜಗಣಿತದ ಸೂತ್ರಗಳು ಹೋದವು. ಆದರೆ ಓದು, ಪದ್ಯ, ಚಿತ್ರ, ವಿಜ್ಞಾನ ಮಾತ್ರ ಹೋಗಿಲ್ಲ. ಅವು ನನಗೆ ನಾಲ್ಕು ವಿಷಯಗಳಾಗಿ ನೆನಪಿಲ್ಲ, ಒಂದೇ ವಿಷಯವಾಗಿ ನೆನಪಿವೆ. ಅದಕ್ಕೆ ಕಾರಣ ಈ ಇಬ್ಬರು, ಮತ್ತೆ ಹೆಚ್ಚು ಮಾತಾಡದ ನಮ್ಮ ಡ್ರಾಯಿಂಗ್ ಮಾಸ್ತರರು.

ಕನ್ನಡ ಮಾಸ್ತರರದು ಬಿಳಿ ಧೋತರ, ಕರಿ ಕೋಟು. ಗ್ರಂಥಾಲಯದ ಕಪಾಟಿನ ಕೀಲಿ ಸದಾ ಆ ಕೋಟಿನ ಕಿಸೆಯಲ್ಲೇ ಇರುತ್ತಿತ್ತು. ಪುಸ್ತಕ ಬೇಕಾದರೆ ಅವರನ್ನೇ ಕೇಳಬೇಕು. ಯಾವುದು ಬೇಕು ಎಂದು ನಮ್ಮನ್ನು ಕೇಳುತ್ತಿರಲಿಲ್ಲ. ಒಂದು ಸಲ ಮುಖ ನೋಡಿ, ಕಪಾಟಿನೊಳಗೆ ಕೈ ಹಾಕಿ ಒಂದನ್ನು ತೆಗೆದುಕೊಡುತ್ತಿದ್ದರು. ವಾಪಸು ಕೊಡುವಾಗ ಒಂದೇ ಪ್ರಶ್ನೆ. "ಇದರಾಗ ನಿನಗ ಯಾರ ಮ್ಯಾಲೆ ಸಿಟ್ಟು ಬಂತು?" ಓದದೆ ತಂದವನು ಅಲ್ಲೇ ಸಿಕ್ಕಿಬೀಳುತ್ತಿದ್ದ. ಓದಿದವನು ಹತ್ತು ನಿಮಿಷ ಮಾತಾಡುತ್ತಿದ್ದ, ಅವರು ಸುಮ್ನೆ ಕೇಳುತ್ತಿದ್ದರು. ಯಾರ ಮೇಲೆ ಸಿಟ್ಟು ಬಂತು, ಯಾಕೆ ಬಂತು ಎಂದು ಹೇಳಲು ಹೋದರೆ ಇಡೀ ಪುಸ್ತಕದ ಬಗ್ಗೆ ಮಾತಾಡಲೇಬೇಕಲ್ವಾ? ಅದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾನು ಇವತ್ತಿನವರೆಗೂ ಯಾವ ಪ್ರಶ್ನೆಪತ್ರಿಕೆಯಲ್ಲೂ ನೋಡಿಲ್ಲ.

ಬೆಳಗಿನ ಮೊದಲ ತಾಸಿಗೆ ಒಬ್ಬ ಹುಡುಗ ಎದ್ದು ನಿಂತು 'ಸಂಯುಕ್ತ ಕರ್ನಾಟಕ'ದ ಒಂದು ಸುದ್ದಿ ಓದಬೇಕಿತ್ತು. ಗಡಿಬಿಡಿಯಲ್ಲಿ ಓದಿದರೆ ಮತ್ತೆ ಮೊದಲಿಂದ. "ಉಸಿರು ಎಲ್ಲಿ ತಗೋಬೇಕು ಅನ್ನೂದು ತಿಳಿದ್ರ ಅರ್ಧ ಅರ್ಥ ತಿಳಿದಂಗ" ಎನ್ನುತ್ತಿದ್ದರು.

ಪದ್ಯದ ಪಾಠ ಶುರುವಾದದ್ದು ವರ್ಗದಲ್ಲಲ್ಲ, ವೀರನಾರಾಯಣ ಗುಡಿಯಲ್ಲಿ. ಕುಮಾರವ್ಯಾಸ ನಮ್ಮ ಊರಿನ ಕವಿ, ಗದುಗಿನ ನಾರಣಪ್ಪ. ಆತ ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲೇ ಆ ಗುಡಿಯ ಕಂಬಕ್ಕೆ ಒರಗಿ ಕೂತು, ಬಟ್ಟೆ ಆರುವ ತನಕ ಭಾರತ ಹೇಳುತ್ತಿದ್ದ ಎಂಬ ಕತೆ ಗದಗಿನಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತು. ಒಂದು ಸಂಜೆ ಮಾಸ್ತರರು ನಮ್ಮನ್ನು ಆ ಕಂಬದ ಹತ್ತಿರ ಕೂರಿಸಿ ಚಪ್ಪಾಳೆ ತಟ್ಟಿಸಿದರು. ಮೂರು ನಾಲ್ಕು, ಮೂರು ನಾಲ್ಕು. ಲಘು, ಗುರು ಎಂಬ ಮಾತನ್ನೇ ಎತ್ತಲಿಲ್ಲ. ತಾಳ ಕೈಗೆ ಹತ್ತಿದ ಮೇಲೆ ತಾವೇ ಒಂದು ಪದ್ಯ ಎತ್ತಿಕೊಂಡರು. ನಾವು ತಟ್ಟುತ್ತಿದ್ದ ತಾಳಕ್ಕೆ ಅದು ಸರಿಯಾಗಿ ಬಂದು ಕೂತಿತು. ಮರುದಿನ ಹಲಗೆಯ ಮೇಲೆ ಖಡು ಹಿಡಿದು ಪ್ರಸ್ತಾರ ಹಾಕಿದಾಗ, ಭಾಮಿನಿ ಷಟ್ಪದಿಯ ಹದಿನಾಲ್ಕು, ಹದಿನಾಲ್ಕು, ಇಪ್ಪತ್ಮೂರು ಮಾತ್ರೆಗಳ ಲೆಕ್ಕ ನಮಗೆ ಆಗಲೇ ಗೊತ್ತಿತ್ತು.

ಆ ತಾಳ ನಮ್ಮ ತಲೆಗೆ ಎಷ್ಟು ಹತ್ತಿತು ಎಂದರೆ, ಒಂಬತ್ತನೇ ವರ್ಗದ ವಿಜ್ಞಾನದ ಟೆಸ್ಟಿನಲ್ಲಿ ಒಂದು ಸಾಹಸ ಮಾಡಿದೆವು. ನಾನು ಮತ್ತು ನನ್ನ ಇಬ್ಬರು ಗೆಳೆಯರು. ಆರ್ಕಿಮಿಡಿಸ್ ತತ್ವದ ಪ್ರಶ್ನೆ ಬಂದೇ ಬರುತ್ತದೆ ಎಂದು ಗೊತ್ತಿತ್ತು. ಮೂವರೂ ಸೇರಿ ಅದಕ್ಕೆ ಅರ್ಧ ಷಟ್ಪದಿ ಕಟ್ಟಿ ಬಾಯಿಪಾಠ ಮಾಡಿಕೊಂಡೆವು. ಮೂರೂ ಉತ್ತರಪತ್ರಿಕೆಯಲ್ಲಿ ಅದನ್ನೇ ಬರೆದೆವು.

ವಿಜ್ಞಾನದ ಮಾಸ್ತರರು ನಮ್ಮನ್ನು ಹೊರಗೆ ನಿಲ್ಲಿಸಿ, ಪತ್ರಿಕೆ ಹಿಡಿದು ನೇರ ಸ್ಟಾಫ್ ರೂಮಿಗೆ ನಡೆದರು. ಬೆತ್ತ ಬರುತ್ತದೆ ಎಂದೇ ಲೆಕ್ಕ ಹಾಕಿದ್ದೆವು. ಒಳಗಿಂದ ಚಪ್ಪಾಳೆ ಕೇಳಿಸಿತು. ಮೂರು ನಾಲ್ಕು, ಮೂರು ನಾಲ್ಕು. ಎರಡನೇ ಸಾಲಿಗೆ ಚಪ್ಪಾಳೆ ನಿಂತಿತು. "ಇಲ್ಲಿ ಒಂದು ಮಾತ್ರೆ ಕಡಿಮಿ ಬಿತ್ತಲ್ಲ" ಎಂದು ಕನ್ನಡ ಮಾಸ್ತರರ ದನಿ. ನಾವು ಮನೆಯ ಮಾತಿನಂತೆ 'ಕಳಕೊಂಬುದು' ಎಂದು ಬರೆದಿದ್ದೆವು. ಅವರು 'ಕಳೆದುಕೊಂಬುದು' ಎಂದು ತಿದ್ದಿದರು, ಸಾಲು ನೆಟ್ಟಗಾಯಿತು. ಆಮೇಲೆ ವಿಜ್ಞಾನದ ಮಾಸ್ತರರು ಹೊರಗೆ ಬಂದು ಹೇಳಿದರು: "ಪದ್ಯಾನೂ ಅರ್ಧ ಐತಿ, ತತ್ವಾನೂ ಅರ್ಧ ಐತಿ. ಭಾರ ಕಳಕೊಳ್ತೈತಿ, ಖರೆ. ಎಷ್ಟು ಕಳಕೊಳ್ತೈತಿ? ನಾಳಿ ಮುಂಜಾನೆ ಉಳಿದ ಅರ್ಧ ತರ್ರಿ. ಆಮ್ಯಾಲೆ ಗುಣ."

ಅವತ್ತು ಸಂಜೆ ಭೀಷ್ಮ ಕೆರೆಯ ದಂಡೆಯ ಮೇಲೆ ಕತ್ತಲಾಗುವ ತನಕ ಕೂತು ಉಳಿದ ಮೂರು ಸಾಲು ಮಾಡಿದೆವು. ಪೂರ್ತಿ ಪದ್ಯ ಇದು:

ನೀರಿನೊಳಗದ್ದಿದರೆ ವಸ್ತುವು
ಭಾರ ತನ್ನದು ಕಳೆದುಕೊಂಬುದು
ಸಾರಿ ಹೇಳಿದನಾರ್ಕಿಮಿಡಿಸನು ಬೀದಿಯೊಳಗೋಡಿ
ದೂರ ಸರಿಸಿದ ನೀರ ತೂಕವೆ
ತೋರುವುದು ಕಳಕೊಂಡ ಭಾರವ
ನೂರು ಗುಣವನು ಕೊಡುವರೆಮ್ಮಯ ಗುರುಗಳಿದ ನೋಡಿ

ಕೊನೆಯ ಸಾಲು ನನ್ನದು. ಇವತ್ತಿಗೂ ಅದರ ಬಗ್ಗೆ ನನಗೆ ಹೆಮ್ಮೆ. ನೂರು ಕೊಡಲಿಲ್ಲ, ಐದಕ್ಕೆ ಐದು ಕೊಟ್ಟರು. ಮುಂದೆ ನಾನು ಭೌತಶಾಸ್ತ್ರ ಕಲಿಸುತ್ತ ಇಡೀ ಉದ್ಯೋಗದ ಅವಧಿ ಕಳೆದೆ. ಪ್ರತಿ ವರ್ಷ ಈ ಪಾಠಕ್ಕೆ ಬಂದಾಗ ಪದ್ಯ ಹೇಳಿಯೇ ಮುಂದಕ್ಕೆ ಹೋಗುತ್ತಿದ್ದೆ. ಬೇರೆ ಬೇರೆ ಊರಲ್ಲಿರುವ ನನ್ನ ವಿದ್ಯಾರ್ಥಿಗಳು ಈಗಲೂ ಫೋನ್ ಮಾಡಿದಾಗ ಅದನ್ನು ಒಪ್ಪಿಸುತ್ತಾರೆ.

ವಿಜ್ಞಾನದ ಮಾಸ್ತರರಿಗೆ ಒಂದು ರೂಢಿ ಇತ್ತು. ತಮ್ಮ ತಾಸು ಖಾಲಿ ಇದ್ದರೆ ಕನ್ನಡದ ವರ್ಗಕ್ಕೆ ಬಂದು ಹಿಂದಿನ ಬೆಂಚಿನಲ್ಲಿ ಕೂರುವುದು. ನಮಗೆ ಅದು ವಿಚಿತ್ರ ಅನ್ನಿಸುತ್ತಲೇ ಇರಲಿಲ್ಲ. ಅದು ಎಂಥ ಅಪರೂಪದ ಸಂಗತಿ ಎಂದು ನಾನೇ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೂತ ಮೇಲೆ ತಿಳಿಯಿತು.

1980ರ ಫೆಬ್ರವರಿ 16, ಶನಿವಾರ. ಶಿವರಾತ್ರಿ ಆಗಿ ಎರಡು ದಿನ. ಅವತ್ತು ಖಗ್ರಾಸ ಸೂರ್ಯಗ್ರಹಣ. ಚಂದ್ರನ ನೆರಳು ಅಂಕೋಲಾ ಕಡೆಯಿಂದ ನೆಲಕ್ಕೆ ಹತ್ತಿ, ಹುಬ್ಬಳ್ಳಿ, ಗದಗ ದಾಟಿ ರಾಯಚೂರಿನತ್ತ ಹೋಗುವುದಿತ್ತು. ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ವಿಜ್ಞಾನಿಗಳು ದುರ್ಬೀನು ಹೂಡಿಕೊಂಡು ಕೂತಿದ್ದರು. ಅಷ್ಟು ದೂರದಿಂದ ಜನ ಬಂದು ನೋಡುವುದನ್ನು ನಾವು ನಮ್ಮ ಸಾಲಿಯ ಅಂಗಳದಲ್ಲೇ ನೋಡಬಹುದಿತ್ತು.

ಹಿಂದಿನ ದಿನ ಕನ್ನಡದ ತಾಸಿನಲ್ಲಿ ಮಾಸ್ತರರು ಬೇಕೆಂದೇ ಸೈಂಧವನ ಕತೆ ತೆಗೆದರು. ಕೃಷ್ಣ ಚಕ್ರ ಹಿಡಿದು ಸೂರ್ಯನನ್ನು ಮರೆಮಾಡಿದ್ದು, ಹೊತ್ತು ಮುಳುಗಿತು ಎಂದು ಸೈಂಧವ ತಲೆ ಎತ್ತಿದ್ದು. ಒಬ್ಬ ಹುಡುಗ ಕೇಳಿದ, "ಸರ್, ಅದು ಗ್ರಹಣ ಏನ್ರಿ?" ಕನ್ನಡ ಮಾಸ್ತರರು ಹಿಂದಿನ ಬೆಂಚಿನ ಕಡೆ ಕೈ ತೋರಿಸಿದರು. ವಿಜ್ಞಾನದ ಮಾಸ್ತರರು ಎದ್ದು ನಿಂತು ತಿರುಗಿ ಅವರನ್ನೇ ಕೇಳಿದರು, "ಅವತ್ತು ಅಮಾಸಿ ಇತ್ತೇನ್ರಿ? ಅಮಾಸಿ ಇಲ್ಲದ ಸೂರ್ಯಗ್ರಹಣ ಆಗೂದಿಲ್ಲ." ಕನ್ನಡ ಮಾಸ್ತರರು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಂತರು. ಅದು ಹದಿನಾಲ್ಕನೇ ದಿನದ ಯುದ್ಧ. ಅವತ್ತು ರಾತ್ರಿಯೂ ಯುದ್ಧ ನಡೆಯಿತು. ರಾತ್ರಿ ಬಹಳ ಹೊತ್ತಾದ ಮೇಲೆ ಚಂದ್ರ ಹುಟ್ಟಿದ ಎಂದು ಭಾರತದಲ್ಲಿ ಬರುತ್ತದೆ. "ಅಂದಮ್ಯಾಲೆ ಅಮಾಸಿ ಅಲ್ಲ. ಗ್ರಹಣ ಅಲ್ಲ. ಚಕ್ರಾನ" ಎಂದರು. ಇಬ್ಬರೂ ಖುಷಿಯಾದರು. ಸೂರ್ಯ, ಚಂದ್ರ, ಭೂಮಿ ಯಾವಾಗ ಒಂದೇ ಸಾಲಿನಲ್ಲಿ ನಿಲ್ಲುತ್ತವೆ ಎಂಬುದನ್ನು ನಾನು ಕಲಿತದ್ದು ಆ ಕನ್ನಡದ ತಾಸಿನಲ್ಲಿ.

ಶನಿವಾರ ಮುಂಜಾನೆಯ ಸಾಲಿ ಬಿಟ್ಟ ಮೇಲೆ ಊರಲ್ಲಿ ಎಲ್ಲ ಬಾಗಿಲು ಮುಚ್ಚಿದವು. ಒಲೆ ಹೊತ್ತಿಸಲಿಲ್ಲ. ಹೊರಗೆ ಬಂದರೆ ಕಣ್ಣು ಹೋಗುತ್ತವೆ ಎಂದು ನಮ್ಮ ಅಜ್ಜಿ ನನ್ನನ್ನು ಒಳಕೋಣೆಯಲ್ಲಿ ಕೂರಿಸಿದ್ದಳು. ವಿಜ್ಞಾನದ ಮಾಸ್ತರರು ಸೈಕಲ್ ಮೇಲೆ ಮನೆಮನೆಗೆ ಬಂದರು. "ಅಮ್ಮಾರ, ಸೂರ್ಯನ್ನ ನೋಡಸೂದಿಲ್ರಿ, ಬರೇ ನೆಳ್ಳು ನೋಡಸ್ತೀನಿ" ಎಂದು ಅಜ್ಜಿಗೆ ಮಾತು ಕೊಟ್ಟು ಕರೆದುಕೊಂಡು ಹೋದರು. ಮಸಿ ಹಿಡಿಸಿದ ಗಾಜು ತಂದಿದ್ದ ಹುಡುಗರ ಕೈಯಿಂದ ಗಾಜು ಕಸಿದು ಇಟ್ಟುಕೊಂಡರು. ಅದರಿಂದ ನೋಡಿದರೆ ಕಣ್ಣಿಗೆ ಅಪಾಯ ಎಂದು ಆ ಕಾಲದಲ್ಲೇ ಅವರಿಗೆ ತಿಳಿದಿತ್ತು.

ಅಂಗಳದ ಹುಣಸೆ ಮರದ ನೆರಳು ಮೂಡಲ ಕಡೆಗೆ ಚಾಚಿತ್ತು. ಯಾವಾಗಲೂ ಆ ನೆರಳಿನ ನಡುವೆ ಬೆಳಕಿನ ದುಂಡು ಚುಕ್ಕೆಗಳು ಇರುತ್ತಿದ್ದವು, ನಾವು ಯಾರೂ ಗಮನಿಸಿರಲಿಲ್ಲ. ಅವತ್ತು ಒಂದೊಂದು ಚುಕ್ಕೆಯ ಅಂಚೂ ಕಡಿದಿತ್ತು. ನೋಡನೋಡುತ್ತ ಅಷ್ಟೂ ಚುಕ್ಕೆಗಳು ಕುಡುಗೋಲಿನಂತೆ ಬಾಗಿದವು. ನೆಲದ ತುಂಬ, ಕಾಂಪೌಂಡ್ ಗೋಡೆಯ ಮೇಲೆ, ನಮ್ಮ ಅಂಗಿಗಳ ಮೇಲೆ, ಕನ್ನಡ ಮಾಸ್ತರರ ಧೋತರದ ಮೇಲೆ. ಎಲೆಗಳ ನಡುವಿನ ಒಂದೊಂದು ಸಂದೂ ಒಂದೊಂದು ಸೂಜಿರಂಧ್ರ ಕ್ಯಾಮೆರಾ, ಒಂದೊಂದು ಚುಕ್ಕೆಯೂ ಸೂರ್ಯನ ಬಿಂಬ ಎಂದು ವಿಜ್ಞಾನದ ಮಾಸ್ತರರು ಹೇಳಿದರು. ಬಿಂಬ ತಲೆಕೆಳಗು, ಅದಕ್ಕೇ ಅಲ್ಲಿ ಒಂದು ಬದಿ ಕಡಿದರೆ ಇಲ್ಲಿ ಇನ್ನೊಂದು ಬದಿ ಕಡಿಯುತ್ತದೆ ಎಂದು ತೋರಿಸಿದರು. ಡ್ರಾಯಿಂಗ್ ಮಾಸ್ತರರು ಏನೂ ಹೇಳಲಿಲ್ಲ. ದೊಡ್ಡ ಬಿಳಿ ಹಾಳೆಗಳನ್ನು ನೆಲಕ್ಕೆ ಹಾಸಿ ಮೂಲೆಗೆ ಕಲ್ಲು ಇಟ್ಟರು, ನಮ್ಮ ಕೈಗೆ ಪೆನ್ಸಿಲ್ ಕೊಟ್ಟರು. ಬಿದ್ದ ಬೆಳಕಿನ ಗೆರೆಯನ್ನು ನಾವು ಎಳೆಯುತ್ತ ಹೋದೆವು. ಹಾಳೆಯಿಂದ ಹಾಳೆಗೆ ಸೂರ್ಯ ತೆಳ್ಳಗಾಗುತ್ತ ಬಂದ.

ತ್ರಿಕೂಟೇಶ್ವರ ಗುಡಿಯ ಕಡೆದ ಕಂಬಗಳ ಮುಂದೆ ನಮ್ಮನ್ನು ತಾಸುಗಟ್ಟಲೆ ಕೂರಿಸಿ, ಕಂಬ ಬರೆಯಬೇಡ್ರಿ, ಕಂಬದ ಮ್ಯಾಲಿನ ಬೆಳಕು ಬರೀರಿ ಎಂದು ಹೇಳುತ್ತಿದ್ದವರು ಅವರು. ಡ್ರಾಯಿಂಗಿನ ಲೋಯರ್ ಪರೀಕ್ಷೆಗೆ ಅದು ಬೇಕಾಗಿರಲಿಲ್ಲ. ಹುಣಸೆ ಮರದ ಕೆಳಗೆ ಬೇಕಾಯಿತು.

ಮೂರೂವರೆ ದಾಟಿತ್ತು. ಪಡುವಣ ಕಡೆಯಿಂದ ಕತ್ತಲೆ ಬಂತು. ಕಾಗೆಗಳು ಒಮ್ಮೆಲೆ ಕೂಗಿಕೊಂಡು ಮರಕ್ಕೆ ಮರಳಿದವು. "ಈಗ ನೋಡ್ರಿ, ಈಗ ನೋಡಬಹುದು!" ಎಂದು ವಿಜ್ಞಾನದ ಮಾಸ್ತರರು ಕೂಗಿದರು. ಸೂರ್ಯನ ಜಾಗದಲ್ಲಿ ಕರಿ ಬಿಲ್ಲೆ, ಅದರ ಸುತ್ತ ಬೆಳ್ಳಿ ಬಣ್ಣದ ಪ್ರಭೆ, ಸ್ವಲ್ಪ ದೂರದಲ್ಲಿ ಶುಕ್ರ ಹೊಳೆಯುತ್ತಿದ್ದ. ಎರಡೂವರೆ ನಿಮಿಷದಷ್ಟು ಇದ್ದಿರಬೇಕು. ಅಂಚಿನಲ್ಲಿ ಬೆಳಕು ಚಿಮ್ಮಿದ್ದೇ ತಡ, ಎಲ್ಲರ ತಲೆ ಹಿಡಿದು ಕೆಳಗೆ ಬಗ್ಗಿಸಿದರು. ಗ್ರಹಣಕ್ಕೆ ಉಪವಾಸ ಇದ್ದ ಕನ್ನಡ ಮಾಸ್ತರರು ಕಣ್ಣೊರೆಸಿಕೊಂಡರು. ಗ್ರಹಣ ಬಿಟ್ಟ ಮೇಲೆ ಸ್ನಾನಕ್ಕೆಂದು ಮನೆಗೆ ಹೋದರು. ಅವರ ಆಚಾರವನ್ನು ವಿಜ್ಞಾನದವರು ಆಡಿಕೊಳ್ಳಲಿಲ್ಲ, ಇವರ ಲೆಕ್ಕವನ್ನು ಕನ್ನಡದವರು ಅನುಮಾನಿಸಲಿಲ್ಲ.

ಡ್ರಾಯಿಂಗ್ ಮಾಸ್ತರರು ಕರಿ ಹಾಳೆಯ ಮೇಲೆ ಬಿಳಿ ಖಡುವಿನಲ್ಲಿ, ಕಂಡದ್ದನ್ನು ಅಲ್ಲೇ ಕೂತು ಬರೆದರು. ಪ್ರಭೆಯ ಎಳೆಗಳು ಸುತ್ತಲೂ ಹರಡಿದ್ದವು. ಎಷ್ಟೋ ವರ್ಷದ ಮೇಲೆ ಆ ಗ್ರಹಣದ ವೈಜ್ಞಾನಿಕ ಫೋಟೋಗಳನ್ನು ನೋಡಿದೆ. 1980ರ ಸುಮಾರಿಗೆ ಸೂರ್ಯನ ಚಟುವಟಿಕೆ ಬಹಳ ಜಾಸ್ತಿ ಇತ್ತು. ಅಂಥ ಸಮಯದಲ್ಲಿ ಪ್ರಭೆ ಎಲ್ಲ ದಿಕ್ಕಿಗೂ ಹರಡುತ್ತದೆ. ಚಟುವಟಿಕೆ ಕಡಿಮೆ ಇದ್ದಾಗ ಎರಡು ಪಕ್ಕಕ್ಕೆ ಮಾತ್ರ ಚಾಚುತ್ತದೆ. ನಮ್ಮ ಮಾಸ್ತರರ ಖಡುವಿನ ಚಿತ್ರ ಸರಿಯಾಗಿಯೇ ಇತ್ತು. ನಾನು ತರಗತಿಯಲ್ಲಿ ಈ ಮಾತು ಹೇಳುವಾಗಲೆಲ್ಲ ಅವರ ಸಾಲಿಯ ಹುಡುಗ ಎಂದು ಎದೆಯುಬ್ಬುತ್ತಿತ್ತು.

ಈಗಿನ ಮಕ್ಕಳು ನಮಗಿಂತ ಜಾಣರು, ಅದರಲ್ಲಿ ಅನುಮಾನ ಇಲ್ಲ. ನನ್ನ ದೂರು ಅವರ ಮೇಲಲ್ಲ. 2019ರ ಡಿಸೆಂಬರ್ 26ರಂದು ಮಂಗಳೂರು, ಮಡಿಕೇರಿ ಕಡೆ ಕಂಕಣ ಗ್ರಹಣ ಆಯಿತಲ್ಲ, ಆಗ ನಾನು ಬೆಂಗಳೂರಿನಲ್ಲಿ ತಮ್ಮನ ಮನೆಯಲ್ಲಿದ್ದೆ. ಅಲ್ಲಿ ಅದು ಪಾರ್ಶ್ವ ಗ್ರಹಣ. ಏಳನೇ ತರಗತಿಯ ಅವನ ಮಗಳು ಮೊಬೈಲಿನಲ್ಲಿ ನೋಡುತ್ತಿದ್ದಳು. ಅಡುಗೆಮನೆಯ ಜರಡಿ ತೆಗೆದುಕೊಂಡು ಅವಳನ್ನು ತಾರಸಿಗೆ ಕರೆದೊಯ್ದೆ. ಜರಡಿಯ ತೂತುಗಳಿಂದ ನೆಲದ ಮೇಲೆ ಸಣ್ಣ ಸಣ್ಣ ಸೂರ್ಯರು ಬಿದ್ದರು. ಅವಳು ಕಿರುಚಿದ ಖುಷಿಯನ್ನು ನೀವು ನೋಡಬೇಕಿತ್ತು. ಹಾಳೆ ಹಾಸಿ ಅಷ್ಟನ್ನೂ ಬರೆದಳು. ಮುಂದಿನ ವಾರ ಶಾಲೆಯಲ್ಲಿ ಕೇಳಿದ್ದು ಬಣ್ಣದ ಪ್ರಿಂಟ್ ತೆಗೆಸಿ ಫೈಲ್ ಮಾಡಿದ ಪ್ರಾಜೆಕ್ಟ್. ಕೈಯಿಂದ ಬರೆದ ಹಾಳೆಗೆ ಅದರಲ್ಲಿ ಜಾಗ ಇರಲಿಲ್ಲ. ಅವಳ ಡ್ರಾಯಿಂಗ್ ತಾಸು ಗಣಿತಕ್ಕೆ ಹೋಗಿದೆ, ಗ್ರಂಥಾಲಯದ ತಾಸು ಟೆಸ್ಟಿಗೆ ಹೋಗಿದೆ. ಪದ್ಯದ ಸಾರಾಂಶ ಗೈಡಿನಲ್ಲಿ ಸಿಗುತ್ತದೆ. ಇದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ನಮ್ಮ ಬ್ಯಾಚಿನವರು ಸೇರಿ ಸಾಲಿಗೆ ಎರಡು ಪುಸ್ತಕದ ಕಪಾಟು ಕೊಡಿಸುತ್ತಿದ್ದೇವೆ. ಒಂದೇ ಕೇಳಿಕೆ: ಕೀಲಿ ಪುಸ್ತಕ ಓದುವ ಒಬ್ಬ ಮಾಸ್ತರರ ಕಿಸೆಯಲ್ಲಿರಲಿ, ಆಫೀಸಿನ ಡ್ರಾಯರಿನಲ್ಲಿ ಬೇಡ. ಇನ್ನೊಂದು ಸುದ್ದಿ ಇದೆ. ಭಾರತದ ನೆಲದಿಂದ ಕಾಣುವ ಮುಂದಿನ ಖಗ್ರಾಸ ಸೂರ್ಯಗ್ರಹಣ 2034ರ ಮಾರ್ಚ್ 20ರಂದು, ಲಡಾಖಿನ ಕಾರ್ಗಿಲ್ ಕಡೆ. ಆಗ ನನಗೆ ಅರವತ್ತೊಂಬತ್ತು ಆಗಿರುತ್ತದೆ. ಹೋಗುವುದೆಂದು ಗೆಳೆಯರೆಲ್ಲ ನಿರ್ಧರಿಸಿದ್ದೇವೆ. ಈಗ ಒಂಬತ್ತನೇ ವರ್ಗದಲ್ಲಿರುವ ಹುಡುಗ ಹುಡುಗಿಯರು ಅಷ್ಟೊತ್ತಿಗೆ ದುಡಿಯುವವರಾಗಿರುತ್ತೀರಿ. ಬರುವ ಮನಸ್ಸಿದ್ದವರು ಮುಖ್ಯಗುರುಗಳ ಹತ್ತಿರ ಹೆಸರು ಕೊಟ್ಟಿರಿ. ಬಿಳಿ ಹಾಳೆ, ಪೆನ್ಸಿಲ್ ನಾವು ತರುತ್ತೇವೆ.