ಲ್ಯಾಕ್ಸ್ಟನ್ ಹೊಲದ ಗೂಟ

30 ನವೆಂಬರ್ 2025, ಭಾನುವಾರ

ಬೂಟಿನ ಮಣ್ಣು ಇನ್ನೂ ತೊಳೆದಿಲ್ಲ. ಇವಳು ಬೆಳಿಗ್ಗೆಯಿಂದ ಗೊಣಗುತ್ತಿದ್ದಾಳೆ. ಲ್ಯಾಕ್ಸ್ಟನ್ನಿನದು ಜೇಡಿಮಣ್ಣು, ನೆನೆದರೆ ಬಿಡುವುದೇ ಇಲ್ಲ.

ಲ್ಯಾಕ್ಸ್ಟನ್ ಇಂಗ್ಲೆಂಡಿನ ನಾಟಿಂಗ್ಯಾಮ್‌ಶೈರ್‌ ಜಿಲ್ಲೆಯ ಒಂದು ಹಳ್ಳಿ. ಈ ಜಿಲ್ಲೆಯಲ್ಲಿ ಎತ್ತ ನೋಡಿದರೂ ಬೇಲಿ. ಊರವರೆಲ್ಲ ಹಂಚಿಕೊಂಡು ಉಳುತ್ತಿದ್ದ ಬಯಲು ಹೊಲಗಳನ್ನು 18, 19ನೇ ಶತಮಾನದಲ್ಲಿ ಪಾರ್ಲಿಮೆಂಟು ಕಾಯ್ದೆ ಮೇಲೆ ಕಾಯ್ದೆ ಮಾಡಿ ತುಂಡು ಮಾಡಿಸಿ ಬೇಲಿ ಹಾಕಿಸಿತು. ಲ್ಯಾಕ್ಸ್ಟನ್ನಿನಲ್ಲಿ ಮಾತ್ರ ಸೌತ್, ಮಿಲ್, ವೆಸ್ಟ್ ಅಂತ ಮೂರು ದೊಡ್ಡ ಹೊಲಗಳು ಅವುಗಳ ತಕರಾರು ನೋಡುವ ಊರ ಕೋರ್ಟಿನ ಸಮೇತ ಉಳಿದುಕೊಂಡಿವೆ. ಒಂದರಲ್ಲಿ ಚಳಿಗಾಲದ ಗೋಧಿ, ಇನ್ನೊಂದರಲ್ಲಿ ವಸಂತಕ್ಕೆ ಬಿತ್ತುವ ಬೆಳೆ, ಮೂರನೆಯದು ಬೀಳು. ಮರುವರ್ಷ ಸರದಿ ಬದಲು. ಒಬ್ಬೊಬ್ಬ ರೈತರ ಪಾಲಿನ ನೆಲದ ಪಟ್ಟಿಗಳು ಮೂರರಲ್ಲೂ ಚೆದುರಿವೆ.

ನಿನ್ನೆ ಅಲ್ಲಿನ ಪಬ್ಬಿನಲ್ಲಿ ವಯಸ್ಸಾದ ರೈತರೊಬ್ಬರು ಮಾತಿಗೆ ಸಿಕ್ಕರು.

"ಮಧ್ಯೆ ಬೇಲಿಯೇ ಇಲ್ಲ. ಯಾರಾದರೂ ಒಂದು ಸಾಲು ಜಾಸ್ತಿ ಉತ್ತುಬಿಟ್ಟರೆ?"

"ಉಳುತ್ತಾರೆ. ನಾನೂ ಉತ್ತಿದ್ದೇನೆ," ಅಂತ ನಕ್ಕರು.

ನವೆಂಬರ್ ಕೊನೆಗೆ ಊರಿನವರದೇ ಜ್ಯೂರಿ ಗೋಧಿ ಹೊಲ ಸುತ್ತುತ್ತದೆ. ದಾರಿಗೋ, ಎಲ್ಲರಿಗೂ ಸೇರಿದ ಹುಲ್ಲುಪಟ್ಟಿಗೋ ನೇಗಿಲು ನುಗ್ಗಿದ್ದರೆ ಗಡಿ ಅಳೆದು ಅಲ್ಲೇ ಗೂಟ ಹೊಡೆಯುತ್ತಾರೆ. ಆಮೇಲೆ ಡವ್‌ಕೋಟ್ ಇನ್ ಅನ್ನುವ ಇದೇ ಪಬ್ಬಿನಲ್ಲಿ ಕೋರ್ಟು ಕೂರುತ್ತದೆ, ದಂಡ ಹಾಕುತ್ತದೆ. 1977ರ ಕಾನೂನು ಇಂಥ ಹಳೆಯ ಕೋರ್ಟುಗಳ ಅಧಿಕಾರ ಕಿತ್ತುಕೊಂಡಾಗಲೂ ಇದಕ್ಕೆ ಹೊಲದ ಉಸ್ತುವಾರಿ ಬಿಟ್ಟುಕೊಟ್ಟಿತು.

"ದಂಡ ಏನು ಮಹಾ! ಎಲ್ಲರೆದುರು ಹೆಸರು ಓದುತ್ತಾರಲ್ಲ, ಅದು ಚುಚ್ಚುತ್ತೆ. ಇರಲಿ, ಮುಂದೆ ನಾನೂ ಜ್ಯೂರಿ ಆಗ್ತೀನಿ. ಆಗ ಅವರ ಹೊಲ ನಾನು ನೋಡ್ತೀನಿ," ಅಂದರು ಆ ರೈತರು.

ಈ ಮಾತು ತಲೆಯಿಂದ ಹೋಗುತ್ತಿಲ್ಲ.

1635ರಲ್ಲಿ ಮಾರ್ಕ್ ಪಿಯರ್ಸ್ ಇಡೀ ಊರಿನ ನಕ್ಷೆ ಬರೆದ. ಆಕ್ಸ್‌ಫರ್ಡಿನ ಬೋಡ್ಲಿಯನ್ ಲೈಬ್ರರಿಯಲ್ಲಿದೆ. ಪಟ್ಟಿ ಪಟ್ಟಿಯೂ ಅದರಲ್ಲಿದೆ, ಉಳುವವರ ಚಿತ್ರವೂ ಇದೆ. ಇಷ್ಟು ಚಂದದ ಪಹಣಿ ನಾನು ಕಂಡಿಲ್ಲ! ಮುಂದೆ ಊರಿನ ಭೂಮಿ ಇಬ್ಬರು ದೊಡ್ಡ ಜಮೀನ್ದಾರರ ಪಾಲಾಯಿತು. ಹೇಗೆ ಹಂಚಿ ಬೇಲಿ ಹಾಕಬೇಕು ಅಂತ ಅವರಿಗೇ ಒಮ್ಮತ ಬರಲಿಲ್ಲ, ಅದಕ್ಕೇ ಇದು ಉಳಿಯಿತು ಅನ್ನುತ್ತಾರೆ. ಜಗಳದಿಂದಲೂ ಒಳ್ಳೆಯದಾಗುತ್ತದೆ, ಅಲ್ವಾ?

ರಾತ್ರಿ ಅಪ್ಪ ಫೋನಿನಲ್ಲಿ ಮತ್ತೆ ಅದೇ. ಚಿಕ್ಕಪ್ಪ ಬದು ಸರಿಸಿದ್ದಾನಂತೆ, ಸರ್ವೆಯವರು ಇನ್ನೂ ಬಂದಿಲ್ಲವಂತೆ. ಅಪ್ಪ, ಚಿಕ್ಕಪ್ಪ ಮಾತು ಬಿಟ್ಟು ಎಷ್ಟು ಕಾಲವಾಯಿತೋ. ಲ್ಯಾಕ್ಸ್ಟನ್ ಕತೆ ಹೇಳಿದೆ. ಸುಮ್ಮನೆ ಕೇಳಿ, "ಆ ಭೂಮಿ ಅವರ ಸ್ವಂತದ್ದಾ?" ಅಂದರು.

ಅಪ್ಪನಿಗೆ ಏನು ಉತ್ತರ ಹೇಳಬೇಕೋ ನನಗೆ ತೋಚಲಿಲ್ಲ. ಅಲ್ಲಿ ಹೆಚ್ಚಿನವರು ಗೇಣಿದಾರರು. 1952ರಲ್ಲಿ ಆ ಜಮೀನ್ದಾರ ಮನೆತನದ ಅರ್ಲ್ ಮ್ಯಾನ್ವರ್ಸ್ ಊರನ್ನು ಕೃಷಿ ಸಚಿವಾಲಯಕ್ಕೆ ಮಾರಿದ. 1981ರಲ್ಲಿ ಅದು ರಾಜಗದ್ದಿಗೆಯ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟಿಗೆ ಹೋಯಿತು, 2020ರಲ್ಲಿ ಥೋರ್ಸ್‌ಬಿ ಎಸ್ಟೇಟ್ ಅನ್ನುವ ಖಾಸಗಿ ಜಮೀನ್ದಾರಿಗೆ. ಒಡೆತನ ಕೈಯಲ್ಲಿಲ್ಲದಿದ್ದರೆ ಗೂಟ ಒಪ್ಪಿಕೊಳ್ಳುವುದು ಸುಲಭ ಅಂತ ಅಪ್ಪನ ವಾದ. ಇರಬಹುದು. ಆದರೆ ಆ ಮುದುಕರು "ನನ್ನ ಪಟ್ಟಿ" ಅಂತ ಕೈ ತೋರಿಸಿದ ರೀತಿ ನೋಡಿದರೆ, ಗೇಣಿಯವರ ಮಾತು ಅಂತ ನನಗೇನೂ ಅನಿಸಲಿಲ್ಲ.