ಡೇಟಾಬೇಸ್‌ನ ಒಳಗನ್ನು ಕಲಿಯಲು ಎಲ್ಲಿಂದ ಆರಂಭಿಸಬೇಕು?

ಟೇಬಲ್‌ಗಳನ್ನು ರಚಿಸಲು ಬರುತ್ತದೆ, ಡೇಟಾಬೇಸ್‌ಗೆ ಆದೇಶ ಕೊಡುವ ಭಾಷೆಯಾದ ಎಸ್‌ಕ್ಯೂಎಲ್ ಬರೆದು ಸಾಕಷ್ಟು ಅಭ್ಯಾಸವೂ ಇದೆ, ಆದರೆ ಕ್ವೆರಿಯನ್ನು, ಅಂದರೆ ಅಂಥ ಒಂದು ಆದೇಶವನ್ನು, ಕೊಟ್ಟ ಮೇಲೆ ಒಳಗೆ ಏನು ನಡೆಯುತ್ತದೆ ಎಂಬುದು ತಿಳಿಯದು. ಅದನ್ನು ಕಲಿಯಬೇಕಾದರೆ ಎಲ್ಲಿಂದ ಆರಂಭಿಸಬೇಕು? ವಿದ್ಯಾರ್ಥಿಗಳೂ, ವರ್ಷಗಟ್ಟಲೆ ತಂತ್ರಾಂಶ ಬರೆದು ಪಳಗಿದವರೂ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು. ಹೆಚ್ಚಿನವರು ಓದಬೇಕಾದ ಗ್ರಂಥಗಳ ಪಟ್ಟಿಯನ್ನು ಬಯಸುತ್ತಾರೆ. ಪಟ್ಟಿಗಿಂತ ಮೊದಲು ಒಂದು ಪ್ರಶ್ನೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ: ಡೇಟಾಬೇಸ್ ಒಂದು ಬದಲಾವಣೆಯನ್ನು ಡಿಸ್ಕಿಗೆ ಬರೆಯುತ್ತಿರುವಾಗ ನಡುವೆಯೇ ವಿದ್ಯುತ್ ನಿಂತುಹೋದರೆ, ಯಂತ್ರ ಮತ್ತೆ ಚಾಲೂ ಆದಾಗ ಅಲ್ಲಿ ಏನಿರುತ್ತದೆ? ಡೇಟಾಬೇಸ್ ವಿನ್ಯಾಸದಲ್ಲಿ ಮೇಲ್ನೋಟಕ್ಕೆ ವಿಚಿತ್ರವೆನಿಸುವ ಬಹುಪಾಲು ಸಂಗತಿಗಳು ಈ ಪ್ರಶ್ನೆಯಿಂದ ಹುಟ್ಟಿದವು, ಇಲ್ಲವೇ ಇದಕ್ಕೆ ಉತ್ತರ ಕೊಟ್ಟ ಮೇಲೂ ವೇಗವನ್ನು ಉಳಿಸಿಕೊಳ್ಳುವ ಪ್ರಯತ್ನದಿಂದ ಹುಟ್ಟಿದವು.

ಪಠ್ಯಕ್ರಮಗಳು ಸಾಮಾನ್ಯವಾಗಿ ಈ ದಾರಿಯಲ್ಲಿ ಹೋಗುವುದಿಲ್ಲ. ಮಾಹಿತಿಯನ್ನು ಟೇಬಲ್‌ಗಳಾಗಿ ನೋಡುವ ರಿಲೇಷನಲ್ ಮಾದರಿ, ಒಂದೇ ಮಾಹಿತಿ ಹಲವು ಕಡೆ ಬರದಂತೆ ಟೇಬಲ್‌ಗಳನ್ನು ವಿಂಗಡಿಸುವ ನಾರ್ಮಲೈಸೇಷನ್, ಎಸ್‌ಕ್ಯೂಎಲ್ ಎಂಬ ಕ್ರಮದಲ್ಲಿ ಅವು ಸಾಗುತ್ತವೆ, ಅದಕ್ಕೆ ಕಾರಣವೂ ಇದೆ. 1970ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ರಿಲೇಷನಲ್ ಮಾದರಿಯನ್ನು ಮಂಡಿಸಿದಾಗ, ಮಾಹಿತಿ ಯಂತ್ರದೊಳಗೆ ಹೇಗೆ ಜೋಡಣೆಯಾಗಿದೆ ಎಂಬುದನ್ನು ಬಳಕೆದಾರರು ತಿಳಿದಿರಬೇಕಾದ ಅಗತ್ಯವನ್ನೇ ತೆಗೆದುಹಾಕುವುದು ಅವರ ಉದ್ದೇಶವಾಗಿತ್ತು. ಅಲ್ಲಿಯವರೆಗೆ ಒಂದು ದಾಖಲೆಯಿಂದ ಇನ್ನೊಂದಕ್ಕೆ ಕೊಂಡಿ ಹಿಡಿದು ಸಾಗುವ ಪ್ರೋಗ್ರಾಮ್ ಬರೆಯಬೇಕಿತ್ತು; ಜೋಡಣೆ ಬದಲಾದರೆ ಪ್ರೋಗ್ರಾಮೂ ಕೆಡುತ್ತಿತ್ತು. ಕಾಡ್ ಅವರ ಯೋಚನೆ ಎಷ್ಟು ಚೆನ್ನಾಗಿ ನೆಲೆಯೂರಿತೆಂದರೆ, ಇಂದು ಡೇಟಾಬೇಸ್‌ಗಳ ಮೇಲೆಯೇ ವೃತ್ತಿಜೀವನ ಕಳೆದವರಿಗೂ ಒಳಗನ್ನು ನೋಡುವ ಪ್ರಸಂಗ ಬಾರದಿರಬಹುದು. ಬಳಸುವವರಿಗೆ ಇದು ದೊಡ್ಡ ಉಪಕಾರ. ಕಟ್ಟುವುದನ್ನು ಕಲಿಯಲು ಬಂದವರು ಮಾತ್ರ ಕಾಡ್ ಅವರು ಮರೆಮಾಡಿದ ಬದಿಯಿಂದಲೇ ಆರಂಭಿಸಬೇಕು.

ಆ ಬದಿಯಲ್ಲಿ ಟೇಬಲ್ ಎಂಬುದು ಇಲ್ಲ; ಫೈಲುಗಳಿವೆ, ಫೈಲುಗಳೊಳಗೆ ಸಮಾನ ಗಾತ್ರದ ಪುಟಗಳಿವೆ. ಇದನ್ನು ಕಣ್ಣಾರೆ ನೋಡಲು ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ತುಂಬಾ ಅನುಕೂಲ, ಏಕೆಂದರೆ ಅದರಲ್ಲಿ ಇಡೀ ಡೇಟಾಬೇಸ್ ಒಂದೇ ಫೈಲಿನಲ್ಲಿರುತ್ತದೆ ಮತ್ತು ಆ ಫೈಲಿನ ರಚನೆಯನ್ನು ಅದರ ಕರ್ತೃಗಳು ಬೈಟ್ ಬೈಟಾಗಿ ವಿವರಿಸಿ ಪ್ರಕಟಿಸಿದ್ದಾರೆ. ಕೆಲವೇ ಸಾಲುಗಳ ಒಂದು ಟೇಬಲ್ ಮಾಡಿ ಆ ಫೈಲನ್ನು, ಬೈಟ್‌ಗಳನ್ನು ಇದ್ದಂತೆಯೇ ತೋರಿಸುವ ಹೆಕ್ಸ್ ವ್ಯೂವರ್‌ನಲ್ಲಿ ತೆರೆಯಿರಿ. ಮೊದಲ 16 ಬೈಟ್‌ಗಳಲ್ಲಿ ಫೈಲಿನ ಗುರುತು, ಮುಂದಿನ ಎರಡರಲ್ಲಿ ಪುಟದ ಗಾತ್ರ, ಸಾಮಾನ್ಯವಾಗಿ 4096, ಕಾಣುತ್ತದೆ. ನೀವು ಸೇರಿಸಿದ ಸಾಲುಗಳು ಪುಟದ ಕೊನೆಯಿಂದ ಹಿಂದಕ್ಕೂ, ಅವು ಎಲ್ಲಿವೆ ಎಂದು ಸೂಚಿಸುವ ಸಂಖ್ಯೆಗಳು ಪುಟದ ಮೇಲ್ಭಾಗದಿಂದ ಮುಂದಕ್ಕೂ ಬೆಳೆಯುತ್ತಿರುತ್ತವೆ. ಸಾಲುಗಳ ಗಾತ್ರ ಬೇರೆ ಬೇರೆಯಾಗಿದ್ದರೂ ಪುಟದೊಳಗೆ ಅವನ್ನು ಸರಿಸಿ ಜಾಗ ಮಾಡಿಕೊಳ್ಳಲು ಇದರಿಂದ ಸಾಧ್ಯವಾಗುತ್ತದೆ; ಸಾಲು ಸರಿದಾಗ ಸೂಚಕ ಸಂಖ್ಯೆಯೊಂದು ಬದಲಾದರೆ ಸಾಕು. ಬೇರೆ ಡೇಟಾಬೇಸ್‌ಗಳನ್ನು ನೋಡಿದರೆ, ಪೋಸ್ಟ್‌ಗ್ರೆಸ್‌ನ ಪುಟ 8 ಕಿಲೋಬೈಟ್, ಮೈಎಸ್‌ಕ್ಯೂಎಲ್‌ನಲ್ಲಿ ಮಾಹಿತಿಯನ್ನು ಉಳಿಸುವ ಭಾಗವಾದ ಇನ್ನೋಡಿಬಿಯ ಪುಟ 16 ಕಿಲೋಬೈಟ್.

ಪುಟಗಳ ಲೆಕ್ಕದಲ್ಲಿಯೇ ಓದಿ ಬರೆಯುವುದು ಏಕೆಂದರೆ ಮೆಮೊರಿಗೂ ಡಿಸ್ಕಿಗೂ ನಡುವಿನ ಅಂತರ ಅಷ್ಟು ದೊಡ್ಡದು. ಮೆಮೊರಿಯಿಂದ ಓದಲು ಸುಮಾರು 100 ನ್ಯಾನೊಸೆಕೆಂಡ್ ಸಾಕು. ಎಸ್‌ಎಸ್‌ಡಿಗೆ ಸುಮಾರು 100 ಮೈಕ್ರೊಸೆಕೆಂಡ್, ಅಂದರೆ ಸಾವಿರ ಪಟ್ಟು. ತಿರುಗುವ ಡಿಸ್ಕಿಗೆ ಸುಮಾರು 10 ಮಿಲಿಸೆಕೆಂಡ್, ಅಂದರೆ ಲಕ್ಷ ಪಟ್ಟು. ಅಷ್ಟು ದೂರ ಹೋದ ಮೇಲೆ ಒಂದೇ ಸಾಲನ್ನು ತರುವುದರಲ್ಲಿ ಅರ್ಥವಿಲ್ಲ. ತಂದ ಪುಟಗಳನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಭಾಗಕ್ಕೆ ಬಫರ್ ಪೂಲ್ ಎನ್ನುತ್ತಾರೆ. ಆಪರೇಟಿಂಗ್ ಸಿಸ್ಟಮ್ ಇದೇ ಕೆಲಸವನ್ನು ಮಾಡುತ್ತಿರುವಾಗ ಡೇಟಾಬೇಸ್ ಮತ್ತೆ ಅದನ್ನೇ ಏಕೆ ಮಾಡಬೇಕು ಎಂಬ ಆಕ್ಷೇಪ ನ್ಯಾಯವಾದದ್ದು, ಮತ್ತು ಅದರ ಉತ್ತರದಲ್ಲಿ ನಮ್ಮ ಮೂಲ ಪ್ರಶ್ನೆಯೇ ಅಡಗಿದೆ. ಬರ್ಕ್ಲಿಯಲ್ಲಿ ಇಂಗ್ರೆಸ್ ಎಂಬ ಡೇಟಾಬೇಸ್ ಕಟ್ಟಿದವರಲ್ಲಿ ಒಬ್ಬರಾದ ಮೈಕೆಲ್ ಸ್ಟೋನ್‌ಬ್ರೇಕರ್ 1981ರಲ್ಲಿಯೇ ಈ ವಿಷಯವನ್ನು ಚರ್ಚಿಸಿದ್ದರು: ಯಾವ ಪುಟ ಯಾವಾಗ ಡಿಸ್ಕಿಗೆ ಹೋಗಬೇಕು ಎಂಬ ನಿರ್ಧಾರ ಡೇಟಾಬೇಸಿನ ಕೈಯಲ್ಲಿ ಇರಬೇಕಾಗುತ್ತದೆ, ಏಕೆಂದರೆ ಬರವಣಿಗೆಯ ಕ್ರಮ ತಪ್ಪಿದರೆ ವಿದ್ಯುತ್ ಹೋದ ಮೇಲೆ ಸರಿಪಡಿಸಲು ದಾರಿ ಉಳಿಯುವುದಿಲ್ಲ.

ಈಗ ಆ ಕ್ರಮವನ್ನು ನೋಡೋಣ. ಕಲಿಯುವವರು ಹೆಚ್ಚು ಕಾಲ ನಿಲ್ಲಬೇಕಾದ ಜಾಗ ಇದೇ ಎಂದು ನಾನು ನಂಬಿದ್ದೇನೆ. ಒಂದು ಖಾತೆಯಿಂದ ಹಣ ಕಳೆದು ಇನ್ನೊಂದಕ್ಕೆ ಸೇರಿಸುವ ಟ್ರಾನ್ಸಾಕ್ಷನ್, ಅಂದರೆ ಪೂರ್ತಿಯಾಗಿ ಆಗಬೇಕಾದ ಇಲ್ಲವೇ ಆಗಲೇಬಾರದ ಕೆಲಸ, ಇದೆ, ಎರಡು ಖಾತೆಗಳೂ ಬೇರೆ ಬೇರೆ ಪುಟಗಳಲ್ಲಿವೆ ಎಂದುಕೊಳ್ಳಿ. ಕಮಿಟ್ ಆದ, ಅಂದರೆ ಕೆಲಸ ಖಾಯಂ ಎಂದು ಒಪ್ಪಿಕೊಂಡ, ಕೂಡಲೇ ಎರಡೂ ಪುಟಗಳನ್ನು ಡಿಸ್ಕಿಗೆ ಬರೆಯುತ್ತೇವೆ ಎಂದರೆ, ಮೊದಲನೆಯದು ಹೋಗಿ ಎರಡನೆಯದು ಹೋಗುವ ಮುನ್ನ ವಿದ್ಯುತ್ ನಿಂತು ಹಣ ಕಾಣೆಯಾಗಬಹುದು. ಆಮೇಲೆ ಬರೆಯೋಣ ಎಂದು ಮೆಮೊರಿಯಲ್ಲಿಯೇ ಇಟ್ಟುಕೊಂಡರೆ, ಕಮಿಟ್ ಆಯಿತೆಂದು ಬಳಕೆದಾರರಿಗೆ ಕೊಟ್ಟ ಮಾತು ಸುಳ್ಳಾಗಬಹುದು. ಇದರ ಮೇಲೆ, ಮೆಮೊರಿ ತುಂಬಿದಾಗ ಕಮಿಟ್ ಆಗದ ಟ್ರಾನ್ಸಾಕ್ಷನ್ನಿನ ಪುಟವನ್ನೂ ಡಿಸ್ಕಿಗೆ ಕಳುಹಿಸಬೇಕಾಗಿ ಬರುತ್ತದೆ. ಇವೆಲ್ಲಕ್ಕೂ ಉತ್ತರ ಒಂದೇ: ಪುಟವನ್ನು ಮುಟ್ಟುವ ಪ್ರತಿಯೊಂದು ಬದಲಾವಣೆಯನ್ನೂ ಒಂದು ಲಾಗಿನ, ಅಂದರೆ ನಡೆದದ್ದನ್ನು ಕ್ರಮವಾಗಿ ದಾಖಲಿಸುವ ಫೈಲಿನ, ಕೊನೆಗೆ ಬರೆಯುವುದು, ಆ ಲಾಗ್ ದಾಖಲೆ ಡಿಸ್ಕಿಗೆ ಸೇರುವ ಮುನ್ನ ಪುಟವನ್ನು ಡಿಸ್ಕಿಗೆ ಬಿಡದಿರುವುದು, ಮತ್ತು ಕಮಿಟ್ ದಾಖಲೆ ಲಾಗಿನಲ್ಲಿ ಭದ್ರವಾದ ಮೇಲಷ್ಟೇ ಬಳಕೆದಾರರಿಗೆ ಹೌದೆನ್ನುವುದು. ಲಾಗ್ ಬರವಣಿಗೆ ಒಂದೇ ದಿಕ್ಕಿನಲ್ಲಿ ಸಾಗುವುದರಿಂದ ಅದು ವೇಗವಾಗಿಯೂ ಇರುತ್ತದೆ, ಒಂದೇ ಬರವಣಿಗೆಯಲ್ಲಿ ಹಲವರ ಕಮಿಟ್‌ಗಳನ್ನು ಒಟ್ಟಿಗೆ ಮುಗಿಸಲೂ ಬರುತ್ತದೆ.

ವಿದ್ಯುತ್ ಮರಳಿದಾಗ ಈ ಲಾಗನ್ನು ಓದಿ ಸರಿಪಡಿಸುವ ಕ್ರಮವನ್ನು ಐಬಿಎಂನ ಸಿ. ಮೋಹನ್ ಮತ್ತು ಸಹೋದ್ಯೋಗಿಗಳು 1992ರಲ್ಲಿ ಏರಿಸ್ ಎಂಬ ಹೆಸರಿನಲ್ಲಿ ವಿವರವಾಗಿ ಪ್ರಕಟಿಸಿದರು. ಮೊದಲು ಲಾಗನ್ನು ಪರಿಶೀಲಿಸಿ ಯಾವ ಟ್ರಾನ್ಸಾಕ್ಷನ್‌ಗಳು ಮುಗಿಯದೆ ಉಳಿದಿವೆ ಎಂದು ತಿಳಿಯುವುದು, ಬಳಿಕ ನಡೆದದ್ದನ್ನೆಲ್ಲ ಮತ್ತೆ ಮಾಡುವುದು, ಕೊನೆಗೆ ಮುಗಿಯದವುಗಳನ್ನು ಹಿಂದೆಗೆಯುವುದು, ಹೀಗೆ ಮೂರು ಹಂತಗಳು. ಹೇಗಿದ್ದರೂ ಹಿಂದೆಗೆಯಬೇಕಾದ ಕೆಲಸವನ್ನು ಎರಡನೇ ಹಂತದಲ್ಲಿ ಮತ್ತೆ ಮಾಡುವುದು ವ್ಯರ್ಥವೆನಿಸಬಹುದು. ಆದರೆ ಹಾಗೆ ಮಾಡಿದಾಗ ಯಂತ್ರ ನಿಂತ ಕ್ಷಣದ ಸ್ಥಿತಿಯೇ ಯಥಾವತ್ತಾಗಿ ಮರಳುತ್ತದೆ, ಆಮೇಲಿನ ಹಿಂದೆಗೆತ ಮಾಮೂಲಿ ಹಿಂದೆಗೆತವೇ ಆಗುತ್ತದೆ. ಪ್ರತಿಯೊಂದು ಪುಟದ ಮೇಲೂ ಅದನ್ನು ಕೊನೆಯದಾಗಿ ಬದಲಿಸಿದ ಲಾಗ್ ದಾಖಲೆಯ ಸಂಖ್ಯೆ ಇರುವುದರಿಂದ, ಒಂದು ಬದಲಾವಣೆ ಎರಡು ಸಲ ಸೇರುವ ಭಯವಿಲ್ಲ. ಹಿಂದೆಗೆದದ್ದನ್ನೂ ಲಾಗಿನಲ್ಲಿ ಬರೆಯುವುದರಿಂದ, ಸರಿಪಡಿಸುತ್ತಿರುವಾಗಲೇ ಇನ್ನೊಮ್ಮೆ ವಿದ್ಯುತ್ ಹೋದರೂ ಕೆಲಸ ಅಲ್ಲಿಂದ ಮುಂದುವರಿಯುತ್ತದೆ. ಈ ಕೊನೆಯ ಅಂಶ ಮೊದಲ ಸಲ ಅರ್ಥವಾದಾಗ ಆಗುವ ಸಂತೋಷಕ್ಕಾಗಿಯಾದರೂ ಏರಿಸ್ ಅನ್ನು ನಿಧಾನವಾಗಿ ಓದಬೇಕು.

ಒಂದು ಪುಟವೇ ಅರ್ಧ ಬರೆದು ನಿಂತರೆ? 8 ಕಿಲೋಬೈಟ್ ಪುಟದ ಮೊದಲರ್ಧ ಹೊಸದು, ಉಳಿದರ್ಧ ಹಳೆಯದು ಎಂಬ ಸ್ಥಿತಿ ನಿಜವಾಗಿಯೂ ಬರುತ್ತದೆ, ಅಂಥ ಪುಟದ ಮೇಲೆ ಲಾಗಿನ ಸಣ್ಣ ಬದಲಾವಣೆಯನ್ನು ಹಚ್ಚಿ ಪ್ರಯೋಜನವಿಲ್ಲ. ಬದಲಾದ ಪುಟಗಳನ್ನೆಲ್ಲ ಆಗಾಗ ಡಿಸ್ಕಿಗೆ ಬರೆದು ಮುಗಿಸುವುದಕ್ಕೆ ಚೆಕ್‌ಪಾಯಿಂಟ್ ಎನ್ನುತ್ತಾರೆ. ಆದ್ದರಿಂದ ಪೋಸ್ಟ್‌ಗ್ರೆಸ್ ಪ್ರತಿ ಚೆಕ್‌ಪಾಯಿಂಟ್ ಆದ ಮೇಲೆ ಒಂದು ಪುಟವನ್ನು ಮೊದಲ ಸಲ ಬದಲಿಸುವಾಗ ಇಡೀ ಪುಟವನ್ನೇ ಲಾಗಿಗೆ ಬರೆಯುತ್ತದೆ. ಇನ್ನೋಡಿಬಿ ಪುಟಗಳನ್ನು ಮೊದಲು ಬೇರೊಂದು ಜಾಗದಲ್ಲಿ ಬರೆದು, ಬಳಿಕ ಅವುಗಳ ಸ್ಥಾನದಲ್ಲಿ ಬರೆಯುತ್ತದೆ. ಡಿಸ್ಕಿಗೆ ಬರೆಯಿರಿ ಎಂದು ಆಪರೇಟಿಂಗ್ ಸಿಸ್ಟಮ್‌ಗೆ ಹೇಳಿದ ಮಾತ್ರಕ್ಕೆ ಅದು ಡಿಸ್ಕಿಗೆ ಹೋಗಿರುವುದಿಲ್ಲ ಎಂಬುದೂ ಇಲ್ಲಿಯೇ ತಿಳಿಯಬೇಕಾದದ್ದು. ಅದಕ್ಕೆ ಎಫ್‌ಸಿಂಕ್ ಎಂಬ, ಬರೆದದ್ದನ್ನು ಡಿಸ್ಕಿಗೆ ತಲುಪಿಸುವಂತೆ ಹೇಳುವ ಆದೇಶವನ್ನು ಕರೆಯಬೇಕು. ಎಫ್‌ಸಿಂಕ್ ಒಮ್ಮೆ ವಿಫಲವಾದರೆ ಮತ್ತೆ ಕರೆದಾಗ ಲಿನಕ್ಸ್ ಎಲ್ಲವೂ ಸರಿ ಎನ್ನಬಹುದು, ಬರೆಯಬೇಕಿದ್ದ ಮಾಹಿತಿ ಮಾತ್ರ ಹೋಗಿರಬಹುದು ಎಂಬ ಸಂಗತಿ 2018ರಲ್ಲಿ ಪೋಸ್ಟ್‌ಗ್ರೆಸ್ ಬಳಗದಲ್ಲಿ ದೊಡ್ಡ ಚರ್ಚೆಗೆ ಕಾರಣವಾಯಿತು. ಅಂಥ ಸಂದರ್ಭದಲ್ಲಿ ಮತ್ತೆ ಪ್ರಯತ್ನಿಸುವ ಬದಲು ಸರ್ವರನ್ನೇ ನಿಲ್ಲಿಸಿ ಲಾಗಿನಿಂದ ಚೇತರಿಸಿಕೊಳ್ಳುವಂತೆ ಅವರು ಪೋಸ್ಟ್‌ಗ್ರೆಸ್ ಅನ್ನು ಬದಲಿಸಿದರು.

ಬೇಕಾದ ಸಾಲನ್ನು ಬೇಗ ಹುಡುಕಲು ನೆರವಾಗುವ ಇಂಡೆಕ್ಸ್‌ಗಳ ಬಗ್ಗೆ ಓದಲು ಬೇಕಾದಷ್ಟು ಸಿಗುವುದರಿಂದ ಇಲ್ಲಿ ಒಂದು ಲೆಕ್ಕವನ್ನಷ್ಟೇ ಹೇಳುತ್ತೇನೆ. ಬೋಯಿಂಗ್‌ನಲ್ಲಿದ್ದ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್ರೈಟ್ ರೂಪಿಸಿದ ಬಿ-ಟ್ರೀಯಲ್ಲಿ ಒಂದು ಕೊಂಬೆ ಒಂದು ಪುಟದಷ್ಟು ದೊಡ್ಡದು. 8 ಕಿಲೋಬೈಟ್ ಪುಟದಲ್ಲಿ ಸಣ್ಣ ಕೀಗಳಾದರೆ (ಸಾಲನ್ನು ಹುಡುಕಲು ಬಳಸುವ ಮೌಲ್ಯಗಳು) ಸುಮಾರು 400 ಹಿಡಿಯುತ್ತವೆ, ಪ್ರತಿಯೊಂದೂ ಕೆಳಗಿನ ಹಂತಕ್ಕೆ ದಾರಿ ತೋರಿಸುತ್ತದೆ. ಆದ್ದರಿಂದ ಮೂರು ಹಂತಗಳಲ್ಲಿ 6.4 ಕೋಟಿ, ನಾಲ್ಕು ಹಂತಗಳಲ್ಲಿ 2,560 ಕೋಟಿ ಸಾಲುಗಳನ್ನು ತಲುಪಬಹುದು. ಮೇಲಿನ ಹಂತಗಳು ಹೇಗೂ ಮೆಮೊರಿಯಲ್ಲಿರುವುದರಿಂದ ಕೋಟಿಗಟ್ಟಲೆ ಸಾಲುಗಳ ನಡುವಿನ ಒಂದನ್ನು ಡಿಸ್ಕಿನಿಂದ ಒಂದೆರಡು ಓದುಗಳಲ್ಲಿಯೇ ಪಡೆಯಲಾಗುತ್ತದೆ.

ಹಲವರು ಒಟ್ಟಿಗೆ ಬಳಸುವಾಗಿನ ತೊಡಕು ಇದಕ್ಕಿಂತ ಸೂಕ್ಷ್ಮ. ಒಂದು ವ್ಯವಸ್ಥೆಯಲ್ಲಿ ಕನಿಷ್ಠ ಒಬ್ಬ ನಿರ್ವಾಹಕರಾದರೂ ಇರಬೇಕೆಂಬ ನಿಯಮವಿದೆ, ಈಗ ಇಬ್ಬರಿದ್ದಾರೆ ಎಂದುಕೊಳ್ಳಿ. ಇಬ್ಬರೂ ಒಂದೇ ಸಮಯದಲ್ಲಿ ನಿರ್ವಾಹಕರ ಸಂಖ್ಯೆಯನ್ನು ನೋಡುತ್ತಾರೆ, ಇನ್ನೊಬ್ಬರು ಇರುವುದನ್ನು ಖಚಿತಪಡಿಸಿಕೊಂಡು ತಮ್ಮ ಹೆಸರನ್ನು ತೆಗೆಯುತ್ತಾರೆ. ಇಬ್ಬರೂ ಬದಲಿಸಿದ್ದು ಬೇರೆ ಬೇರೆ ಸಾಲುಗಳನ್ನು, ಆದ್ದರಿಂದ ಘರ್ಷಣೆಯೇ ಕಾಣುವುದಿಲ್ಲ. ಎರಡೂ ಕಮಿಟ್ ಆಗಿ ನಿರ್ವಾಹಕರೇ ಇಲ್ಲದಂತಾಗುತ್ತದೆ. ಪ್ರತಿಯೊಬ್ಬರಿಗೂ ಆರಂಭದ ಕ್ಷಣದ ಚಿತ್ರವನ್ನು ತೋರಿಸುವ ಸ್ನ್ಯಾಪ್‌ಶಾಟ್ ಪದ್ಧತಿಯ ಈ ದೋಷವನ್ನು, ಟ್ರಾನ್ಸಾಕ್ಷನ್ ವಿಷಯದಲ್ಲಿ ಅಗ್ರಗಣ್ಯರಾದ ಜಿಮ್ ಗ್ರೇ ಸೇರಿದಂತೆ ಕೆಲವರು 1995ರ ಒಂದು ಪ್ರಬಂಧದಲ್ಲಿ ಸ್ಪಷ್ಟವಾಗಿ ತೋರಿಸಿದರು. ಪೋಸ್ಟ್‌ಗ್ರೆಸ್ 2011ರ 9.1 ಆವೃತ್ತಿಯವರೆಗೂ ಸೀರಿಯಲೈಸಬಲ್ (ಟ್ರಾನ್ಸಾಕ್ಷನ್‌ಗಳು ಒಂದಾದ ಮೇಲೊಂದು ನಡೆದಂತೆಯೇ ಫಲ ಕೊಡುವುದು) ಎಂದು ಕರೆಯುತ್ತಿದ್ದದ್ದು ವಾಸ್ತವದಲ್ಲಿ ಈ ಸ್ನ್ಯಾಪ್‌ಶಾಟ್ ಪದ್ಧತಿಯನ್ನೇ. ಆದ್ದರಿಂದ ಟ್ರಾನ್ಸಾಕ್ಷನ್‌ಗಳನ್ನು ಒಂದರಿಂದೊಂದು ಎಷ್ಟು ಬೇರ್ಪಡಿಸಬೇಕೆಂದು ಹೇಳುವ ಐಸೊಲೇಷನ್ ಹಂತಗಳನ್ನು ಹೆಸರಿನಿಂದ ಕಲಿಯಬೇಡಿ; ಎರಡು ಟರ್ಮಿನಲ್‌ಗಳನ್ನು ತೆರೆದು ಈ ಉದಾಹರಣೆಯನ್ನು ಪ್ರತಿ ಹಂತದಲ್ಲಿಯೂ ನಡೆಸಿ ನೋಡಿ.

ಕ್ವೆರಿಯನ್ನು ನಡೆಸಲು ಅಗ್ಗದ ದಾರಿಯನ್ನು ಆರಿಸುವ ಭಾಗವಾದ ಕ್ವೆರಿ ಆಪ್ಟಿಮೈಸರ್ ಅನ್ನು ನಾನು ಈ ಸಾಲಿನ ಕೊನೆಯಲ್ಲಿ ಇಡುತ್ತೇನೆ, ಅದು ಕಡಿಮೆ ಮುಖ್ಯವೆಂದಲ್ಲ. ಹತ್ತು ಟೇಬಲ್‌ಗಳನ್ನು ಒಂದಾದ ಮೇಲೊಂದರಂತೆ ಜೋಡಿಸುವ ಕ್ರಮಗಳೇ 36,28,800 ಇವೆ. ಅವುಗಳಲ್ಲಿ ಅಗ್ಗದ್ದನ್ನು ಅಂದಾಜಿನ ವೆಚ್ಚದ ಮೇಲೆ ಆರಿಸುವ ವಿಧಾನವನ್ನು ಐಬಿಎಂನ ಸಿಸ್ಟಮ್ ಆರ್ ಯೋಜನೆಯ ಪೆಟ್ರೀಷಿಯಾ ಸೆಲಿಂಗರ್ ಮತ್ತು ಸಂಗಡಿಗರು 1979ರಲ್ಲಿ ಪ್ರಕಟಿಸಿದರು, ಇಂದಿಗೂ ಆ ಚೌಕಟ್ಟು ಬಳಕೆಯಲ್ಲಿದೆ. ಆದರೆ ಅಂದಾಜು ಏಕೆ ತಪ್ಪುತ್ತದೆ, ತಪ್ಪಿದಾಗ ಏಕೆ ಅಷ್ಟು ದುಬಾರಿಯಾಗುತ್ತದೆ ಎಂಬುದು ಪುಟಗಳ ಮತ್ತು ಇಂಡೆಕ್ಸ್‌ಗಳ ವೆಚ್ಚ ತಿಳಿದವರಿಗೆ ಮಾತ್ರ ಅರ್ಥವಾಗುತ್ತದೆ.

ಓದಿನ ಜೊತೆಗೆ ಕಟ್ಟುವುದೂ ನಡೆಯಬೇಕು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಆಂಡಿ ಪಾವ್ಲೊ ಅವರ ಡೇಟಾಬೇಸ್ ತರಗತಿಗಳ ವೀಡಿಯೊಗಳು ಎಲ್ಲರಿಗೂ ಉಚಿತವಾಗಿ ದೊರೆಯುತ್ತವೆ. ಒಳಗಿನ ರಚನೆಯನ್ನೇ ಮುಖ್ಯವಾಗಿ ಕಲಿಸುವ ಅವುಗಳಿಗಿಂತ ಒಳ್ಳೆಯ ಜೊತೆ ನನಗೆ ತಿಳಿದಿಲ್ಲ. ನೀವು ಕಟ್ಟುವುದು ಕೀಲಿ ಮತ್ತು ಮೌಲ್ಯಗಳನ್ನಷ್ಟೇ ಉಳಿಸುವ ಪುಟ್ಟ ಪ್ರೋಗ್ರಾಮ್ ಆದರೆ ಸಾಕು, ಆದರೆ ಅದರಲ್ಲಿ ಲಾಗ್ ಇರಲಿ, ಚೇತರಿಕೆ ಇರಲಿ. ಅದನ್ನು ಪರೀಕ್ಷಿಸುವಾಗ ಒಂದು ಎಚ್ಚರಿಕೆ: ಪ್ರೋಗ್ರಾಮನ್ನು ಬಲವಂತವಾಗಿ ಕೊಲ್ಲುವುದು ವಿದ್ಯುತ್ ಹೋದದ್ದಕ್ಕೆ ಸಮನಲ್ಲ. ಪ್ರೋಗ್ರಾಮ್ ಸತ್ತರೂ ಅದು ಬರೆದದ್ದು ಆಪರೇಟಿಂಗ್ ಸಿಸ್ಟಮ್‌ನ ಮೆಮೊರಿಯಲ್ಲಿ ಉಳಿದು ಡಿಸ್ಕಿಗೆ ಸೇರಿಬಿಡುವುದರಿಂದ, ಎಫ್‌ಸಿಂಕ್ ಕರೆಯದ ಪ್ರೋಗ್ರಾಮೂ ಈ ಪರೀಕ್ಷೆಯಲ್ಲಿ ಉತ್ತೀರ್ಣವಾಗುತ್ತದೆ. ಒಂದು ವರ್ಚುವಲ್ ಯಂತ್ರದೊಳಗೆ ಪ್ರೋಗ್ರಾಮ್ ನಡೆಸಿ ಆ ಯಂತ್ರವನ್ನೇ ಥಟ್ಟನೆ ನಿಲ್ಲಿಸಿದರೆ ಇದಕ್ಕಿಂತ ಪ್ರಾಮಾಣಿಕವಾದ ಉತ್ತರ ಸಿಗುತ್ತದೆ.

ಹಲವು ಯಂತ್ರಗಳಲ್ಲಿ ಹರಡಿದ ಡೇಟಾಬೇಸ್‌ಗಳಿಂದಲೇ ನೇರವಾಗಿ ಆರಂಭಿಸಬಹುದೇ ಎಂದು ಕೇಳುವವರು ಈಗ ಹೆಚ್ಚು. ಬೇಡ ಎನ್ನುತ್ತೇನೆ. ಪೋಸ್ಟ್‌ಗ್ರೆಸ್‌ನ ಪ್ರತಿಕೃತಿ ಯಂತ್ರವೊಂದು ಮುಖ್ಯ ಯಂತ್ರದ ಲಾಗನ್ನು ತರಿಸಿಕೊಂಡು ತನ್ನ ಪುಟಗಳ ಮೇಲೆ ಮತ್ತೆ ನಡೆಸುತ್ತಿರುತ್ತದೆ, ಅಂದರೆ ಸದಾ ಚೇತರಿಕೆಯ ಸ್ಥಿತಿಯಲ್ಲಿಯೇ ಇರುತ್ತದೆ. 2014ರಲ್ಲಿ ಪ್ರಕಟವಾದ ರಾಫ್ಟ್ ಕೂಡ ಒಂದೇ ಲಾಗನ್ನು ಹಲವು ಯಂತ್ರಗಳು ಒಂದೇ ಕ್ರಮದಲ್ಲಿ ಹೊಂದಿರುವಂತೆ ನೋಡಿಕೊಳ್ಳುವ ವಿಧಾನ. ಒಂದು ಯಂತ್ರದ ಲಾಗ್ ಹೇಗೆ ಬರೆಯಲ್ಪಡುತ್ತದೆ, ಯಾವ ಕ್ಷಣದಲ್ಲಿ ಕಮಿಟ್ ಆಯಿತೆಂದು ಹೇಳಬಹುದು ಎಂಬುದನ್ನು ಮೊದಲು ಕಲಿತಿದ್ದರೆ, ಎಷ್ಟು ಯಂತ್ರಗಳು ಬರೆದ ಮೇಲೆ ಹಾಗೆ ಹೇಳಬಹುದು ಎಂಬುದು ಮುಂದಿನ ಅಧ್ಯಾಯವಾಗಿ ತಾನಾಗಿ ಬರುತ್ತದೆ.