ಹಲಗೆ ಮೊದಲು ಕುಡಿಯಲಿ

ನನ್ನ ದೋಣಿಗೆ ಹಾಕಿದ ಮೊದಲ ಜಾಯಿಂಟ್ ಕೈಯಲ್ಲೇ ಬಿಟ್ಟುಕೊಂಡಿತು. 6 ಎಂ.ಎಂ. ಪ್ಲೈವುಡ್‌ನ ಎರಡು ಹಲಗೆಗಳ ತುದಿಯನ್ನು ಓರೆಯಾಗಿ ಹೆರೆದು, ಎಪಾಕ್ಸಿ ಅನ್ನುವ ಅಂಟು ಹಚ್ಚಿ ಉದ್ದಕ್ಕೆ ಜೋಡಿಸಿದ್ದೆ. ಓರೆಯ ಉದ್ದ ದಪ್ಪದ 8 ಪಟ್ಟು, ಅಂದರೆ 48 ಎಂ.ಎಂ. ಅಳತೆಯಲ್ಲಿ ತಪ್ಪಿರಲಿಲ್ಲ. ಮೂರು ದಿನ ಬಿಟ್ಟು ಮೊಣಕಾಲಿಗೆ ಆನಿಸಿ ಸ್ವಲ್ಪ ಬಾಗಿಸಿದೆ. ಟಕ್ ಅಂತು. ಹೊಟ್ಟೆ ಕಿವುಚಿದ ಹಾಗಾಯಿತು.

ಬಿಟ್ಟ ಜಾಗವನ್ನು ಬೆಳಕಿಗೆ ಹಿಡಿದು ನೋಡಿದೆ. ಜಾಯಿಂಟ್ ಗಟ್ಟಿಯಾಗಿದ್ದರೆ ಮರ ಸಿಗಿದು ಬರಬೇಕು, ಅಲ್ವಾ? ಇಲ್ಲಿ ಮರ ಒಣಗಿಕೊಂಡೇ ಇತ್ತು, ಅಲ್ಲಲ್ಲಿ ಮಾತ್ರ ಎಪಾಕ್ಸಿಯ ತೆಳು ಹೊಳಪು. ಓರೆ ಹೆರೆದಾಗ ಮರದ ನಾರುಗಳ ಬಾಯಿ ತೆರೆದುಕೊಳ್ಳುತ್ತದೆ. ಅವು ಎಪಾಕ್ಸಿಯನ್ನು ಒಳಕ್ಕೆ ಎಳೆದುಕೊಂಡಿವೆ. ಉಳಿದದ್ದನ್ನು ನಾನೇ ಕ್ಲಾಂಪ್ ಬಿಗಿದು ಹಿಂಡಿ ಹೊರಗೆ ಹಾಕಿದ್ದೆ. ಬಿಳಿ ಅಂಟಿನಲ್ಲಿ ಕೆಲಸ ಮಾಡಿದ ಕೈಗೆ ಬಿಗಿಯುವುದೇ ಅಭ್ಯಾಸ. ಎಪಾಕ್ಸಿಗೆ ಆ ಬಿಗಿ ಬೇಡ. ಎರಡು ಹಲಗೆಗಳ ನಡುವೆ ಅದರದ್ದೊಂದು ಪದರ ಉಳಿಯಬೇಕು.

ಈಗ ಮೊದಲು ಪುಡಿ ಬೆರೆಸದ ಎಪಾಕ್ಸಿಯನ್ನು ಎರಡೂ ಓರೆಗೆ ಬಳಿದು ಸುಮ್ನೆ ನೋಡುತ್ತಾ ನಿಲ್ಲುತ್ತೇನೆ. ಹೊಳೆಯುತ್ತಿದ್ದ ಜಾಗ ಮಂಕಾಯಿತೆಂದರೆ ಮರ ಕುಡಿದಿದೆ ಅಂತ, ಇನ್ನೊಂದು ಸಲ ಬಳಿಯುತ್ತೇನೆ. ಹೊಳಪು ನಿಂತ ಮೇಲೆ ಸಿಲಿಕಾ ಪುಡಿ ಕಲಸಿ ಮಂದ ಮಾಡಿದ್ದನ್ನು ಹಚ್ಚುತ್ತೇನೆ. ಅಂಚಿನಲ್ಲಿ ಸಣ್ಣ ಗೆರೆಯಷ್ಟು ಹೊರಬಂದರೆ ಸಾಕು, ಕ್ಲಾಂಪ್ ಅಲ್ಲಿಗೆ ನಿಲ್ಲಿಸುತ್ತೇನೆ. ಹೀಗೆ ಮಾಡಿದ ಒಂದು ಚೂರನ್ನು ಬೇಕೆಂದೇ ಮುರಿದೆ. ಜಾಯಿಂಟ್ ಪಕ್ಕದಲ್ಲಿ ಮರವೇ ಸಿಗಿಯಿತು. ಎಷ್ಟು ಖುಷಿಯಾಯಿತೆಂದರೆ ಆ ಚೂರನ್ನು ಇನ್ನೂ ಎಸೆದಿಲ್ಲ.

ಒಂದು ಮಾತು: ಬೇಗ ಗಟ್ಟಿಯಾಗಲಿ ಅಂತ ಹಾರ್ಡನರ್, ಅಂದರೆ ಎಪಾಕ್ಸಿ ಗಟ್ಟಿಯಾಗಲು ಬೆರೆಸುವ ಎರಡನೇ ದ್ರವ, ಜಾಸ್ತಿ ಹಾಕಬೇಡಿ. ಅಳತೆ ತಪ್ಪಿದರೆ ಎಪಾಕ್ಸಿ ಸರಿಯಾಗಿ ಗಟ್ಟಿಯಾಗುವುದೇ ಇಲ್ಲ. ಕೈಗವಸು ಇಲ್ಲದೆ ಮುಟ್ಟಲೂಬೇಡಿ. ಒಮ್ಮೆ ಚರ್ಮಕ್ಕೆ ಅಲರ್ಜಿ ಹತ್ತಿದರೆ ಮತ್ತೆ ಈ ಕೆಲಸವೇ ಕಷ್ಟ.

ತಳದ ಹಲಗೆ, ಪಕ್ಕದ ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು ನಿಲ್ಲಿಸಿದ್ದೆ. ಹೊಲಿಗೆಗಳ ನಡುವೆ ಎಪಾಕ್ಸಿ ಚುಕ್ಕೆ ಇಟ್ಟು, ಅದು ಗಟ್ಟಿಯಾದ ಮೇಲೆ ತಂತಿ ಎಳೆದು ತೆಗೆದೆ. ಒಳಮೂಲೆಗೆ ಮರದ ಹುಡಿ ಕಲಸಿದ ಎಪಾಕ್ಸಿ. ಕಡ್ಡಿಯಲ್ಲಿ ಎತ್ತಿದರೆ ಜಾರಬಾರದು, ಅಷ್ಟು ಮಂದ. ತುದಿ ದುಂಡಗಿರುವ ಪಟ್ಟಿಯಿಂದ ಒಂದೇ ಎಳೆತಕ್ಕೆ ಸವರಿದೆ. ಅದು ಇನ್ನೂ ಮೆತ್ತಗಿರುವಾಗಲೇ 75 ಎಂ.ಎಂ. ಅಗಲದ ಫೈಬರ್‌ಗ್ಲಾಸ್ ಪಟ್ಟಿ, ಅಂದರೆ ಗಾಜಿನ ನಾರಿನ ಬಟ್ಟೆ, ಹಾಸಿದೆ. ಗಟ್ಟಿಯಾಗಲು ಬಿಟ್ಟರೆ ತೊಳೆದು, ಉಜ್ಜಿ, ಆಮೇಲೆ ಹಾಸಬೇಕಾಗುತ್ತದೆ. ಮೆತ್ತಗಿದ್ದಾಗ ಎರಡೂ ಸೇರಿ ಒಂದೇ ಆಗುತ್ತವೆ.

ಬಿಳಿ ಪಟ್ಟಿಯ ಮೇಲೆ ಎಪಾಕ್ಸಿ ಹೊಯ್ದು ಬ್ರಷ್‌ನಿಂದ ಕುಕ್ಕುತ್ತಾ ಹೋದರೆ ಬಟ್ಟೆ ಕಣ್ಣೆದುರೇ ಮಾಯವಾಗುತ್ತದೆ, ಕೆಳಗಿನ ಮರದ ಗೆರೆಗಳು ಎದ್ದು ಕಾಣುತ್ತವೆ. ಬೆಳ್ಳಗೆ ಉಳಿದ ಕಡೆ ಗಾಳಿ ಸಿಕ್ಕಿಕೊಂಡಿದೆ ಅಂತ ಅರ್ಥ. ನಿನ್ನೆ ರಾತ್ರಿ ಟಾರ್ಚ್ ಹಿಡಿದು ಮೂಲೆಯುದ್ದಕ್ಕೂ ಹುಡುಕಿದೆ. ಎರಡೇ ಎರಡು ಬಿಳಿ ಚುಕ್ಕೆ ಸಿಕ್ಕಿದವು, ಅವನ್ನೂ ಕುಕ್ಕಿ ಕಳಿಸಿದೆ. ನಾಳೆ ದೋಣಿ ಮಗುಚಿ ಹೊರಗಿನ ಪಟ್ಟಿ ಶುರು.